ಅಮ್ಮಚ್ಚಿಯ ನಲ್ಲರು

ಮೊನ್ನೆ ಕಡಬದಿಂದ ತಂದ ಪೊಟ್ಟಣದ ಮೂಲೆಯನ್ನು ಹಲ್ಲಿನಲ್ಲೇ ಕಚ್ಚಿ ಹರಿದೆ. ಕತ್ತರಿ ಹುಡುಕುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ, ನಿವೃತ್ತಿಯಾದ ಮೇಲೂ ಬಂದಿಲ್ಲ. ಒಳಗಿನ ಬಿಳಿ ಹುಡಿಯ ವಾಸನೆ ಮೂಗಿಗೆ ಬಡಿಯಿತು. ಪೌಡರ್ ಹಾಕಿಸಿಕೊಂಡ ಮಗು ಹೋಗಿ ಮಣ್ಣಿನಲ್ಲಿ ಹೊರಳಿ ಬಂದರೆ ಹೇಗಿರುತ್ತದೆ, ಹಾಗೆ. ಆ ವಾಸನೆಗೆ ಸರಿಯಾಗಿ ಬೇಲಿಯ ಆಚೆಯಿಂದ ಒಂದು ಕೂಗು ಬರಬೇಕಿತ್ತು... ಬರಲಿಲ್ಲ. ಸುಮ್ಮನೆ ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ.

ಟೊಮೆಟೊ ಗಿಡ ಬಾಡದ ಹಾಗೆ ಬುಡಕ್ಕೆ ಕೊಡುವ ಜೀವಾಣು ಹುಡಿ ಇದು. ಕೃಷಿಯವರು ಇದಕ್ಕೆ ನಾಲಿಗೆ ಹೊರಳದ ಉದ್ದದ ಹೆಸರು ಹೇಳುತ್ತಾರೆ. ಇಚಿಲಂಪಾಡಿಯ ನಮ್ಮ ಎರಡು ಮನೆಗಳಲ್ಲಿ ಮಾತ್ರ ಇದರ ಹೆಸರು ‘ನಲ್ಲರು’. ಆ ಹೆಸರು ಇಟ್ಟವರು ಬೇಲಿಯಾಚೆಯ ಅಮ್ಮಚ್ಚಿ.

ನಾನು ಇಲ್ಲಿನ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದು ಮನೆ ಮಾಡಿದ ಮೂರನೆಯ ದಿನ ಅವರ ಪರಿಚಯವಾಯಿತು. ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು ಶಾಲೆಗೆ ಓಡುತ್ತಿದ್ದೆ. ಕೇರಳದ ಕ್ರೈಸ್ತ ಹೆಂಗಸರ ಹಾಗೆ ಬಿಳಿ ರವಿಕೆ, ಪಂಚೆಯ ಚಟ್ಟ ಮುಂಡು ಉಟ್ಟ ಒಬ್ಬ ದಪ್ಪ ಹೆಂಗಸು ಬೇಲಿಗೆ ಅಡ್ಡ ನಿಂತು ಟೀಚರೇ ಒಂದು ಸಹಾಯ ಅಂದರು. ಕೈಯಲ್ಲಿ ಬದನೆಯ ಸಸಿ. ಕಾಲಬುಡದಲ್ಲಿ ಕುಳಿ ತೋಡಿ, ಗೊಬ್ಬರ ಹಾಕಿ, ನೀರು ಹೊಯ್ದು ಎಲ್ಲ ತಯಾರು. ಆ ಸಸಿಯನ್ನು ನಾನು ಕುಳಿಗೆ ಇಡಬೇಕಂತೆ. ಬೆಳ್ಳಂಬೆಳಿಗ್ಗೆ ಇದೆಂತ ಗ್ರಹಚಾರ ಅಂದುಕೊಂಡೇ ಇಟ್ಟೆ. ಸೀರೆಯ ಅಂಚಿಗೆ ಕೆಸರು ಮೆತ್ತಿಸಿಕೊಂಡು ಎಂಟನೆಯ ತರಗತಿಗೆ ಹೋದೆ.

ಆಮೇಲೆ ಗೊತ್ತಾಯಿತು, ಅಮ್ಮಚ್ಚಿ ಎಲ್ಲರನ್ನೂ ಹೀಗೆ ಹಿಡಿಯುತ್ತಿದ್ದರು. ರಬ್ಬರ್ ಟ್ಯಾಪಿಂಗಿಗೆ ಬಂದವನ ಕೈಯಲ್ಲಿ ಬೆಂಡೆ ಬೀಜ ಹಾಕಿಸಿದ್ದರು. ತೆಂಗಿನ ಸಸಿ ನೆಡಲು ಒಮ್ಮೆ ಕಡಬದ ಜೀಪನ್ನೇ ನಿಲ್ಲಿಸಿ ಡ್ರೈವರನ್ನು ಇಳಿಸಿದ್ದರಂತೆ. ಜೀಪಿನಲ್ಲಿದ್ದವರೆಲ್ಲ ಸಸಿ ನೆಟ್ಟಾಗುವವರೆಗೆ ಕಾದಿದ್ದರಂತೆ. ಅಗೆಯುವುದು, ಹೊರುವುದು, ನೀರು ಹೊಯ್ಯುವುದು ಎಲ್ಲ ಅವರೇ. ಸಸಿಯನ್ನು ಮಣ್ಣಿಗೆ ಇಡುವ ಆ ಒಂದು ಗಳಿಗೆಗೆ ಮಾತ್ರ ಬೇರೆಯವರ ಕೈ ಬೇಕು.

ಕಾರಣವನ್ನು ಅವರು ಒಂದು ಸಂಜೆ ಹಾಲಿಲ್ಲದ ಕಟ್ಟಂಚಾಯ ಕೊಟ್ಟು ಹೇಳಿದರು. ಕೋಟ್ಟಯಂ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದ ಹೊಸತು. ಗಂಡನ ಮನೆಯವರು ಆಗಷ್ಟೇ ಕಾಡು ಕಡಿದು ರಬ್ಬರ್ ಹಾಕಿದ್ದರು. ಹೊಸ ಸೊಸೆ ಆಸೆಯಿಂದ ಅಂಗಳದ ಬದಿಯಲ್ಲಿ ಟೊಮೆಟೊ ನೆಟ್ಟಳು. ಗಿಡ ಸೊಂಟದೆತ್ತರ ಬಂತು, ಹೂ ಬಿಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಎಲ್ಲವೂ ತಲೆ ಬಗ್ಗಿಸಿ ನಿಂತಿದ್ದವು. ಹಳದಿಯಾಗಲಿಲ್ಲ, ಹುಳ ತಿನ್ನಲಿಲ್ಲ, ಹಸುರು ಹಸುರಾಗಿಯೇ ಬಾಡಿ ಸತ್ತವು. ಅತ್ತೆ ಬಂದು ನೋಡಿ, ಈ ಹುಡುಗಿಯ ಕೈಯಲ್ಲಿ ಚೂಡು ಉಂಟು ಅಂದರು. ಚೂಡು ಅಂದರೆ ಬಿಸಿ. ಬಿಸಿ ಕೈ, ಇಟ್ಟದ್ದು ಬೇಯುತ್ತದೆ. ಅವತ್ತಿನಿಂದ ಆ ಮನೆಯಲ್ಲಿ ಅವರ ಕೈಯಿಂದ ಒಂದು ಕಾಳುಮೆಣಸಿನ ಬಳ್ಳಿಯನ್ನೂ ನೆಡಿಸಲಿಲ್ಲ. ಅತ್ತೆ ತೀರಿಕೊಂಡರು, ಮಾತು ಉಳಿಯಿತು. ಗಂಡ ಅಪ್ಪಚ್ಚನ್ ಕೆಟ್ಟವರಲ್ಲ, ಬೈದವರೂ ಅಲ್ಲ. ಮಳೆ ಶುರುವಾದಾಗ ಬಳ್ಳಿ ನೆಡಲು ಆಳಿಗೆ ಹೇಳಿ ಕಳಿಸುತ್ತಿದ್ದರು, ಅಷ್ಟೇ.

ನಲವತ್ತು ವರ್ಷ, ಮಾರಾಯ್ರೆ! ಆ ಹೆಂಗಸು ಮೂರು ಮಕ್ಕಳನ್ನು ಸಾಕಿದ್ದರು, ಹಂದಿ, ಕೋಳಿ, ದನ ಎಲ್ಲ ಸಾಕಿದ್ದರು. ಆ ಕೈಯಲ್ಲಿ ಯಾವುದೂ ಬೆಂದು ಹೋಗಿರಲಿಲ್ಲ. ಅದನ್ನೇ ನಾನು ಹೇಳಿದರೆ ಅವರು ತಲೆ ಅಲ್ಲಾಡಿಸಿ, ಪ್ರತಿ ವರ್ಷ ಹಂದಿಗೂಡಿನ ಹಿಂದೆ ಯಾರಿಗೂ ಕಾಣದ ಹಾಗೆ ನಾಲ್ಕು ಟೊಮೆಟೊ ನೆಟ್ಟು ನೋಡುತ್ತೇನೆ ಟೀಚರೇ, ಪ್ರತಿ ವರ್ಷ ಬಾಡುತ್ತದೆ ಅಂದರು. ಅವರೇ ನಂಬಿಬಿಟ್ಟಿದ್ದರು. ನನಗೆ ಯಾರ ಮೇಲೆ ಸಿಟ್ಟು ಮಾಡುವುದೆಂದು ಗೊತ್ತಾಗದೆ ಚಾಯದ ಮೇಲೆ ಮಾಡಿದೆ, ಕಹಿ ಅಂದೆ.

ಶಾಲೆಯ ಬಿಸಿಯೂಟದ ಕೈತೋಟಕ್ಕೆಂದು ಹೆಡ್‌ಮಾಸ್ಟ್ರು ನನ್ನನ್ನು ಪುತ್ತೂರಿಗೆ ಒಂದು ದಿನದ ತರಕಾರಿ ತರಬೇತಿಗೆ ಕಳಿಸಿದ್ದು ಆಗಲೇ. ರೋಗ ಬಂದ ಗಿಡ ಇದ್ದರೆ ತನ್ನಿ ಅಂದಿದ್ದರು. ನಾನು ಅಮ್ಮಚ್ಚಿಯನ್ನೇ ಕರೆದುಕೊಂಡು ಹೋದೆ. ಅವರು ಹಂದಿಗೂಡಿನ ಹಿಂದಿನ ಒಂದು ಬಾಡಿದ ಟೊಮೆಟೊ ಗಿಡವನ್ನು ಹಳೆ ಮುಂಡಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತಿದ್ದರು.

ತರಬೇತಿ ಕೊಟ್ಟ ಮೇಡಂ ಚಿಕ್ಕ ಪ್ರಾಯದವರು. ಆ ಗಿಡದ ಕಾಂಡವನ್ನು ಅಡ್ಡಕ್ಕೆ ಕತ್ತರಿಸಿ, ಒಂದು ಗಾಜಿನ ಲೋಟದ ನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವ ಹಾಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಆ ತುದಿಯಿಂದ ಸಪೂರಕ್ಕೆ ಹಾಲಿನ ನೂಲಿನಂಥದ್ದೊಂದು ಕೆಳಗಿಳಿಯಿತು. ಇದೇ ಗಿಡದ ನರದೊಳಗೆ ತುಂಬಿ ನೀರು ಮೇಲೆ ಹೋಗದ ಹಾಗೆ ಮಾಡುವ ಬ್ಯಾಕ್ಟೀರಿಯಾ ಅಂದರು. ನಮ್ಮ ಕರಾವಳಿಯ ಹುಳಿ ಮಣ್ಣು, ಸೆಕೆ, ತೇವ ಇದಕ್ಕೆ ಬಲು ಇಷ್ಟವಂತೆ. ಅದಕ್ಕೇ ನಾವೆಲ್ಲ ಘಟ್ಟದ ಟೊಮೆಟೊ ತಿನ್ನುವುದಂತೆ.

ಅಮ್ಮಚ್ಚಿ ಎದ್ದು ಲೋಟದ ಹತ್ತಿರ ಹೋದರು. ಕನ್ನಡಕ ಹಣೆಗೆ ಏರಿಸಿ, ಇಳಿಸಿ, ಮತ್ತೆ ನೋಡಿದರು.

"ಇದು ನೆಟ್ಟವರ ಕೈಯಿಂದ ಬರುದಾ ಮೇಡಂ?"

"ಇದು ಮಣ್ಣಲ್ಲಿ ಮೊದಲೇ ಇರುದು ಅಮ್ಮ. ಯಾರು ನೆಟ್ಟರೂ ಅಷ್ಟೇ."

ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರೆ ಅಮ್ಮಚ್ಚಿ ಆ ಲೋಟದ ಎದುರೇ ಕೂತಿದ್ದರು. ಸಂಜೆ ಹೊರಡುವಾಗ ಲೋಟ ಬೇಕು ಅಂತ ಹಟ ಹಿಡಿದರು. ಅಪ್ಪಚ್ಚನಿಗೆ ತೋರಿಸಬೇಕಂತೆ. ಮೇಡಂ ನಕ್ಕು ಕೊಟ್ಟರು. ಪುತ್ತೂರಿನಿಂದ ಕಡಬದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಜೀಪಿನಲ್ಲಿ, ಬಾಯಿಗೆ ಅಂಗೈ ಮುಚ್ಚಿದ ಆ ಲೋಟ ಅವರ ಕೈಯಲ್ಲಿ. ಕಂಡಕ್ಟರ್ ಅದೆಂತ ಅಂತ ಕೇಳಿದ. ನನ್ನ ಕೇಸಿನ ಸಾಕ್ಷಿ ಅಂದರು. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮನೆಗೆ ತಲುಪುವಾಗ ನೂಲೆಲ್ಲ ಕದಡಿ ನೀರು ಬರೀ ಬೆಳ್ಳಗಾಗಿತ್ತು. ಅಪ್ಪಚ್ಚನ್ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಗಂಜಿ ತಿಳಿಯನ್ನು ಪುತ್ತೂರಿನಿಂದ ಯಾಕೆ ತಂದದ್ದು ಅಂತ ಕೇಳಿದರು. ಸಾಕ್ಷಿ ಬಿದ್ದುಹೋಯಿತು.

ಉಳಿದದ್ದು ಒಂದೇ ದಾರಿ. ಅಮ್ಮಚ್ಚಿಯ ಕೈಯಾರೆ ನೆಟ್ಟ ಟೊಮೆಟೊ, ಅಪ್ಪಚ್ಚನ ಕಣ್ಣೆದುರು, ಹಣ್ಣಾಗಬೇಕು.

ಅದಕ್ಕೆ ಬೇಕಾದ್ದನ್ನು ಮೇಡಂ ಹೇಳಿಕೊಟ್ಟಿದ್ದರು. ಕೆಟ್ಟ ಜೀವಾಣುಗಳಿರುವ ಹಾಗೆ ಒಳ್ಳೆಯ ಜೀವಾಣುಗಳೂ ಇವೆ, ಅವುಗಳ ಹುಡಿ ಸಿಗುತ್ತದೆ. ಅದನ್ನು ಬೆಲ್ಲದ ನೀರಲ್ಲಿ ಕಲಸಿ, ಸಸಿಯ ಬೇರು ಅದ್ದಿ ನೆಟ್ಟು, ಬುಡಕ್ಕೂ ಹೊಯ್ದರೆ ಅವು ಬೇರಿನ ಸುತ್ತ ಮೊದಲೇ ಜಾಗ ಹಿಡಿದು ಕೂರುತ್ತವೆ. ಬಸ್ಸಿನ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿಯುದಿಲ್ವಾ, ಹಾಗೆ ಅಂದಿದ್ದರು. ಕಡಬದ ಬಸ್ಸಿಗೆ ಹತ್ತಿ ಅಭ್ಯಾಸವಿದ್ದ ಅಮ್ಮಚ್ಚಿಗೆ ಅಲ್ಲಿಗೆ ಇಡೀ ವಿಜ್ಞಾನ ಅರ್ಥವಾಯಿತು. ಒಳ್ಳೆಯವರು ಅನ್ನುವುದಕ್ಕೆ ಮಲಯಾಳದಲ್ಲಿ ನಲ್ಲವರ್. ಅಮ್ಮಚ್ಚಿ ಅದಕ್ಕೆ ತಮ್ಮದೇ ಕನ್ನಡ ಹಚ್ಚಿ ‘ನಲ್ಲರು’ ಮಾಡಿದರು. ನಲ್ಲ ಅಂದರೆ ಕನ್ನಡದಲ್ಲಿ ಪ್ರಿಯತಮ, ಕವಿಗಳು ಮಾತ್ರ ಬಳಸುವ ಶಬ್ದ ಅಂತ ಒಬ್ಬ ಕನ್ನಡ ಟೀಚರಾಗಿ ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಕೇಳಲು ಚಂದ ಇತ್ತು.

ಅದರ ಫಲ ಕಡಬದ ಜಿನಸಿ ಅಂಗಡಿಯಲ್ಲಿ ಉಂಡೆ. ಶನಿವಾರದ ರಶ್ಶು. ಅಮ್ಮಚ್ಚಿ ಎಲ್ಲರ ತಲೆಯ ಮೇಲಿಂದ, ನನ್ನ ನಲ್ಲರಿಗೆ ಒಂದು ಅಚ್ಚು ಬೆಲ್ಲ ಕೊಡಿ ಅಂತ ಗಟ್ಟಿಯಾಗಿ ಕೇಳಿದರು. ಅಂಗಡಿಯ ಬ್ಯಾರಿ ಕಾಕ ತಕ್ಕಡಿ ಬಿಟ್ಟು ನನ್ನ ಮುಖ ನೋಡಿದರು. ಎಷ್ಟು ಜನ ಉಂಟು ಅಂತ ಗಂಭೀರವಾಗಿ ಕೇಳಿದರು. ಒಂದು ಚಿಟಿಕೆಯಲ್ಲೇ ಕೋಟಿಗಟ್ಟಲೆ ಅಂದರು ಅಮ್ಮಚ್ಚಿ. ನಾನು ಹೊರಗೆ ಹೋಗಿ ಬೋರ್ಡು ಓದುತ್ತಾ ನಿಂತೆ.

ಹುಡಿಯ ಪೊಟ್ಟಣಕ್ಕೆ ಬಿಸಿಲು ತಾಗಬಾರದು ಅಂತ ಅದನ್ನು ಮಂಚದ ಕೆಳಗೆ ಇಟ್ಟರು. ಅಪ್ಪಚ್ಚನಿಗೆ ಅಲ್ಲಿ ಬೀಡಿ ಎಳೆಯುವುದು ನಿಂತಿತು, ಹೊಗೆ ತಾಗುತ್ತದೆ ಅಂತ. ಈ ಸಲ ಹಂದಿಗೂಡಿನ ಹಿಂದೆ ಅಲ್ಲ, ಎದುರಿನ ಅಂಗಳದಲ್ಲಿ, ಹೋಗುವವರು ಬರುವವರು ನೋಡುವ ಕಡೆ ಮೂವತ್ತು ಕುಳಿ. ಮೂವತ್ತು ಗಿಡಕ್ಕೆ ಆಗುವಷ್ಟು ಕಲಸಲು ದೊಡ್ಡ ಪಾತ್ರೆ ಬೇಕಾಯಿತು. ನಾನು ಬೇಲಿಯ ಈಚೆಯಿಂದ, ನಮ್ಮ ಅಡಿಕೆ ತೋಟದ ಮದ್ದಿನ ಡ್ರಮ್ ಉಂಟಲ್ಲ ಅಂದೆ.

ಇಲ್ಲಿ ಒಂದು ಮಾತು ಹೇಳಬೇಕು. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣ ಕಲಸಿ ಬಿಡುವುದಕ್ಕೆ ನಮ್ಮಲ್ಲಿ ಮದ್ದು ಬಿಡುದು ಅಂತಲೇ ಹೆಸರು. ಆ ನೀಲಿ ನೀರೇ ಮದ್ದು, ಅದನ್ನು ಕಲಸುವ ಡ್ರಮ್ಮೇ ಮದ್ದಿನ ಡ್ರಮ್. ಎಲ್ಲ ಅಡಿಕೆಯವರ ಮನೆಯಲ್ಲೂ ಒಂದು ಇರುತ್ತದೆ, ಅಡಿಯಲ್ಲಿ ನೀಲಿ ಕರಟು ಕಟ್ಟಿಕೊಂಡು ಇರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಅದೂ ಮದ್ದು, ಇದೂ ಮದ್ದು ಅಂತ ನಾನು ಒಂದು ಕೊಡ ನೀರು ಹಾಕಿ ಕುಲುಕಿ ಚೆಲ್ಲಿ ಕೊಟ್ಟೆ. ಅಮ್ಮಚ್ಚಿಯದು ರಬ್ಬರಿನ ಮನೆ, ಅವರಿಗೇನು ಗೊತ್ತು? ಕೋಲು ಹಾಕಿ ಕಲಸಿದಂತೆ ನೀರು ಚಂದಕ್ಕೆ ತಿಳಿ ನೀಲಿಯಾಯಿತು. ಅಮ್ಮಚ್ಚಿ ಕೈ ಮುಗಿದು, ನೋಡಿ ಟೀಚರೇ, ನಲ್ಲರು ಎದ್ದರು ಅಂದರು. ಹೌದೌದು ಅಂದೆ ನಾನು. ನನಗೂ ಹಾಗೇ ಅನಿಸಿತ್ತು, ಈಗ ನಾಚಿಕೆಪಟ್ಟು ಎಂತ ಪ್ರಯೋಜನ.

ಅಮ್ಮಚ್ಚಿ ಮೂವತ್ತನ್ನೂ ತಮ್ಮ ಕೈಯಿಂದಲೇ ನೆಟ್ಟರು. ಪ್ರತಿ ಸಸಿಯನ್ನು ಮಣ್ಣಿಗೆ ಇಡುವಾಗ ತುಟಿ ಅಲ್ಲಾಡುತ್ತಿತ್ತು. ಗಿಡ ಬೆಳೆದವು, ಹೂ ಬಿಟ್ಟವು. ಚರ್ಚಿನಲ್ಲಿ ವರ್ಷಕ್ಕೊಮ್ಮೆ ಪ್ರತಿ ಮನೆಯವರು ಮೊದಲ ಫಲ ತಂದು ಒಪ್ಪಿಸಿ, ಆಮೇಲೆ ಅದನ್ನು ಏಲಂ ಮಾಡುವ ಕ್ರಮ ಉಂಟು. ಈ ಸಲ ನನ್ನ ಟೊಮೆಟೊ ಅಂತ ಅಮ್ಮಚ್ಚಿ ಊರೆಲ್ಲ ಹೇಳಿಕೊಂಡು ಬಂದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಆರು ಗಿಡ ತಲೆ ಬಗ್ಗಿಸಿದ್ದವು. ವಾರದೊಳಗೆ ಮೂವತ್ತೂ ಹೋದವು.

ಅಪ್ಪಚ್ಚನ್ ಅಂಗಳಕ್ಕೆ ಬಂದು ನೋಡಿದರು. ಗಿಡ ನೋಡಿದರು, ಆಮೇಲೆ ಹೆಂಡತಿಯ ಕೈ ನೋಡಿದರು. ಒಳಗೆ ಹೋದರು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ನಾನು ಪುತ್ತೂರಿನ ಮೇಡಂಗೆ ಫೋನ್ ಮಾಡಿ, ನಿಮ್ಮ ಹುಡಿ ಡೂಪ್ಲಿಕೇಟ್ ಅಂತ ಜಗಳ ತೆಗೆದೆ. ನೀರು ಎಷ್ಟು ಚಂದ ನೀಲಿಯಾಗಿತ್ತು ಅಂತಲೂ ಹೇಳಿದೆ. ನೀಲಿ ಯಾಕೆ ಆಗುದು ಟೀಚರ್, ಯಾವುದರಲ್ಲಿ ಕಲಸಿದ್ದು ಅಂತ ಕೇಳಿದರು. ಮದ್ದಿನ ಡ್ರಮ್ಮಿನಲ್ಲಿ ಅಂದೆ. ಮೈಲುತುತ್ತು ಶಿಲೀಂಧ್ರವನ್ನೂ ಬಿಡುವುದಿಲ್ಲ, ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ನೀವು ನೆಂಟರನ್ನು ಕರೆದು ವಿಷ ಬಡಿಸಿದಿರಿ ಅಂದರು.

ತಕ್ಷಣ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಮಕ್ಕಳ ಕಾಪಿ ಪುಸ್ತಕದ ಸಣ್ಣ ತಪ್ಪಿಗೂ ಕೆಂಪು ಗೆರೆ ಎಳೆಯುವ ಹೆಂಗಸು ನಾನು, ನನ್ನ ತಪ್ಪಿಗೆ ಬಾಯಿ ಬರಲಿಲ್ಲ. ಒಂದು ದಿನ, ಎರಡು ದಿನ, ಹದಿನೈದು ದಿನವಾಯಿತು. ಒಂದು ಮಧ್ಯಾಹ್ನ ಅಮ್ಮಚ್ಚಿ ಬೇಲಿಯ ಹತ್ತಿರ ಬಂದು, ಟೀಚರೇ ನಮ್ಮ ಕರಿಬೇವಿನ ಗಿಡದಿಂದ ನಾಲ್ಕು ಎಸಳು ಕಿತ್ತುಕೊಡಿ, ಸಾರಿಗೆ ಒಗ್ಗರಣೆ ಹಾಕಬೇಕು ಅಂದರು. ಅವರದೇ ಗಿಡ, ಅವರ ಅಡುಗೆಮನೆಯ ಬಾಗಿಲಿನಲ್ಲೇ ಉಂಟು. ಮೊದಲು ನೆಡುವುದಕ್ಕೆ ಮಾತ್ರ ಹೆದರುತ್ತಿದ್ದವರು ಈಗ ಮುಟ್ಟಲಿಕ್ಕೂ ಹೆದರುತ್ತಿದ್ದರು. ಅಲ್ಲೇ ನಿಂತು ಡ್ರಮ್ಮಿನ ಕಥೆಯನ್ನೆಲ್ಲ ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ ಅಂತ ಕಾದೆ.

ಅಮ್ಮಚ್ಚಿ ಎರಡು ಕೈಯನ್ನೂ ಮುಖದ ಎದುರು ಹಿಡಿದು, ತಿರುಗಿಸಿ ಮುರುಗಿಸಿ ನೋಡಿಕೊಂಡರು.

"ಅಪ್ಪೋ... ಎಂಡೆ ಕೈ ಅಲ್ಲ," ಅಂದರು. ಹಾಗಾದರೆ ನನ್ನ ಕೈ ಅಲ್ಲ.

ಆಮೇಲೆ ನಗಲು ಶುರು ಮಾಡಿದರು. ಬೇಲಿ ಹಿಡಿದುಕೊಂಡು ನಕ್ಕರು, ನಗುತ್ತಾ ಅತ್ತರು, ಕರಿಬೇವಿನ ಗಿಡದ ಒಂದು ಕೊಂಬೆಯನ್ನೇ ಮುರಿದು ತಂದರು. ನಾನೂ ಅತ್ತೆ. ಅಷ್ಟಕ್ಕೆ ಬಿಡಲಿಲ್ಲ, ಕೈ ಹಿಡಿದು ಎಳೆದುಕೊಂಡು ಹೋಗಿ ಅಪ್ಪಚ್ಚನ ಎದುರು ನಿಲ್ಲಿಸಿ ಇನ್ನೊಮ್ಮೆ ಹೇಳಿಸಿದರು. ಅಪ್ಪಚ್ಚನ್ ಪೂರ್ತಿ ಕೇಳಿದರು. ಕೊನೆಗೆ ನಿಧಾನಕ್ಕೆ ನನ್ನ ಕೈಯನ್ನು ನೋಡಿದರು. ಆಮೇಲೆ ಆ ಭಾಗದಲ್ಲಿ ಯಾರೂ ನನ್ನನ್ನು ಗಿಡ ನೆಡಲು ಕರೆಯಲಿಲ್ಲ.

ಮರುವರ್ಷ ಜಾಗ ಬದಲಿಸಿದೆವು, ಮೊದಲೇ ಸುಣ್ಣ ಹಾಕಿ ಮಣ್ಣಿನ ಹುಳಿ ಇಳಿಸಿದೆವು. ಅಮ್ಮಚ್ಚಿ ಕಡಬದಿಂದ ಕೆಂಪು ಬಣ್ಣದ ಹೊಸ ಬಕೇಟು ತಂದರು. ಅಂಗಡಿಯಲ್ಲೇ ಅದರೊಳಗೆ ತಲೆ ಹಾಕಿ ಮೂಸಿ ನೋಡಿದರು. ನನ್ನ ಕೈಯಲ್ಲಿ ಅದರ ಮೇಲೆ ‘ನಲ್ಲರು’ ಅಂತ ದಪ್ಪಕ್ಕೆ ಬರೆಸಿದರು. ಬರೆಯಲು ನನ್ನ ಕೈ ಆಗುತ್ತದೆ, ನೆಡಲು ಮಾತ್ರ ಆಗುವುದಿಲ್ಲ ಅಂದರು. ಕೋಲು ಬೇಡ ಅಂತ ಮೊಣಕೈವರೆಗೆ ಕೈ ಹಾಕಿ ಕಲಸಿದರು. ಈ ಸಲವೂ ಎಲ್ಲ ಬದುಕಲಿಲ್ಲ. ಕೆಲವು ಬಾಡಿದವು, ಬಾಡಿದ್ದನ್ನು ಅವತ್ತೇ ಕಿತ್ತು ಸುಟ್ಟೆವು. ಒಂದೊಂದು ಬಾಡಿದಾಗಲೂ ಅಮ್ಮಚ್ಚಿ ಕತ್ತರಿಸಿ ಲೋಟದ ನೀರಿಗೆ ಹಿಡಿದು, ಬಿಳಿ ನೂಲು ಇಳಿಯುವುದನ್ನು ಅಪ್ಪಚ್ಚನಿಗೆ ಕರೆದು ತೋರಿಸುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಉಳಿದವು, ಕಾಯಿಯಾದವು, ಕೆಂಪಾದವು.

ಏಲಂಗೆ ನನ್ನನ್ನೂ ಕರೆದುಕೊಂಡು ಹೋದರು. ಕೂಗುವವರು ಬುಟ್ಟಿ ಎತ್ತಿ ಇಂಥ ಮನೆಯವರ ಟೊಮೆಟೊ ಅನ್ನುತ್ತಿದ್ದಂತೆ ಅಮ್ಮಚ್ಚಿ ಎದ್ದು, ಮನೆಯವರದ್ದಲ್ಲ, ನೆಟ್ಟದ್ದು ನಾನು, ಹಾಗೆ ಕೂಗಿ ಅಂದರು. ಹಾಗೇ ಕೂಗಿದರು. ಇಬ್ಬರು ಮೂವರು ತಮಾಷೆಗೆ ಏರಿಸಿದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಅಪ್ಪಚ್ಚನ ಸ್ವರ ಬಂತು. ಏಲಂನಲ್ಲಿ ಅವರು ಬಾಯಿ ಬಿಟ್ಟದ್ದೇ ಅದು ಮೊದಲು. ಎಲ್ಲರೂ ಸುಮ್ಮನಾದರು. ಸುಮ್ಮನಾದ ಮೇಲೂ ಅಪ್ಪಚ್ಚನ್ ಇನ್ನೂ ಏರಿಸಿದರು. ಚೇಟ್ಟಾ, ಮೊದಲಿನ ಕೂಗೂ ನಿಮ್ಮದೇ ಅಂತ ಏಲಂ ಕೂಗುವವರು ನೆನಪಿಸಿದರು. ಗೊತ್ತುಂಟು ಅಂತ ಹೇಳಿ ಇನ್ನೊಮ್ಮೆ ಏರಿಸಿದರು. ಚರ್ಚಿನ ಅಂಗಳ ಬಿದ್ದು ಬಿದ್ದು ನಕ್ಕಿತು. ಅಮ್ಮಚ್ಚಿ ಮಾತ್ರ ನಗಲಿಲ್ಲ, ತಲೆಯ ಮೇಲೆ ಹೊದ್ದ ನೆರಿಯದಿನ ಸೆರಗು ಸರಿ ಮಾಡಿಕೊಂಡು ನೇರ ಕೂತಿದ್ದರು. ದಾರಿಯಲ್ಲಿ ಬರುವಾಗ ಬುಟ್ಟಿ ಹೊತ್ತುಕೊಂಡಿದ್ದ ಅಪ್ಪಚ್ಚನ್, ಹೆಂಡತಿಯ ಮುಖ ನೋಡದೆ ಒಂದೇ ಮಾತು ಹೇಳಿದರು.

"ಈ ಮಳೆಗೆ ಮೆಣಸಿನ ಬಳ್ಳಿ ನೀನೇ ನೆಡು."

ನೆಟ್ಟರು. ಎರಡು ಮಳೆಗಾಲ ನೆಟ್ಟರು. ನಾಲ್ಕೈದು ಬಳ್ಳಿ ಒಣಗಿದ್ದೂ ಉಂಟು. ಅದು ಕೋಳಿ ಕೆದಕಿದ್ದು ಅಂತ ಅಪ್ಪಚ್ಚನೇ ಎಲ್ಲರಿಗೂ ಮುಂದಾಗಿ ಹೇಳುತ್ತಿದ್ದರು. ಮೂರನೆಯ ಮಳೆಗಾಲಕ್ಕೆ ಅಮ್ಮಚ್ಚಿ ಇರಲಿಲ್ಲ. ಒಂದು ಬೆಳಿಗ್ಗೆ ಎದೆನೋವು ಅಂದರು, ಆಸ್ಪತ್ರೆಗೆ ತಲುಪುವ ಮೊದಲೇ... ಹಿಂದಿನ ದಿನ ಬೇಲಿಯಿಂದ ಬಕೇಟು ದಾಟಿಸಿ, ಈ ಸಲ ನೀವೂ ನಾಲ್ಕು ಗಿಡ ನೆಡಿ ಟೀಚರೇ, ಕಲಸಲು ಕೈ ನಾನು ಹಾಕುತ್ತೇನೆ ಅಂದಿದ್ದರು. ಬಕೇಟು ನಮ್ಮಲ್ಲೇ ಉಳಿಯಿತು.

ಮೊನ್ನೆ ಪೊಟ್ಟಣ ಹರಿದ ಮೇಲೆ ಅದನ್ನೇ ಹೊರಗೆ ತೆಗೆದೆ. ಅಡಿಯಲ್ಲಿ ಹಳೆಯ ಬೆಲ್ಲ, ಹುಡಿ ಒಣಗಿ ಕಂದು ಪೊರೆ ಕಟ್ಟಿತ್ತು, ಬದಿಯಲ್ಲಿ ಬೆರಳು ಎಳೆದ ಗುರುತು. ಡ್ರಮ್ಮಿನ ಘಟನೆಯ ನಂತರ ಯಾವ ಪಾತ್ರೆಯನ್ನೂ ಮೂರು ಸಲ ಉಜ್ಜದೆ ನಾನು ಬಳಸಿದವಳಲ್ಲ. ತೆಂಗಿನ ನಾರು ಹಿಡಿದು ಬಾವಿಕಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಕೂತೆ. ಬೇಲಿಯ ಆಚೆ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದ ಅಪ್ಪಚ್ಚನ್ ಎಂತ ಮಾಡುದು ಅಂತ ಕೇಳಿದರು. ತೊಳೆಯುದು, ನನ್ನ ಕಥೆ ನಿಮಗೆ ಗೊತ್ತುಂಟಲ್ಲ ಅಂದೆ.

ಅವರು ಮಗುವನ್ನು ಕೆಳಗಿಳಿಸಿ, ಬೇಲಿಯ ಮೇಲಿಂದ ಬಗ್ಗಿ ಬಕೇಟಿನ ಒಳಗೆ ತುಂಬಾ ಹೊತ್ತು ನೋಡಿದರು.

"ತೊಳಿಬೇಡಿ ಟೀಚರ್," ಅಂದರು. "ಅದರಲ್ಲಿ ಅವಳ ಕೈ ಉಂಟು."

ನಾರು ಕೆಳಗಿಟ್ಟು, ಹಾಗೇ ಹುಡಿ ಕಲಸಲು ನೀರು ಹೊಯ್ದೆ.